ಮಕ್ಕಳನ್ನು ಕೇಳಿದ ಮೇಲೆ

ಇಂಚರಳ ಅಪ್ಪನವರಿಗೆ,

ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿ. ಮೋಟರ್ ಹಾಕಿದರೆ ಆಫ್ ಮಾಡುವುದೂ ನಿಮ್ಮದೇ ಕೆಲಸ. ಮಕ್ಕಳಿಬ್ಬರನ್ನೂ ಇವತ್ತು ಸ್ಕೂಲಿಗೆ ಕಳಿಸಿಲ್ಲ. ಚಾಮರಾಜನಗರದ ಟ್ರಾವೆಲ್ಸ್ ಆಫೀಸಿಗೆ ಹೊರಟಿದ್ದೇವೆ, ಸಂಜೆ ಬಸ್ಸಿಗೆ ಗುಂಡ್ಲುಪೇಟೆಗೆ ವಾಪಸ್. ಫೋನ್ ಮಾಡಬೇಡಿ, ಎತ್ತುವುದಿಲ್ಲ.

ಭಾನುವಾರ ಮಕ್ಕಳನ್ನು ಮುಂದೆ ಕೂರಿಸಿಕೊಂಡು, "ಯಾವ್ ದೇಸಕ್ಕೆ ಓಗನ? ನೀವ್ ಯೋಳಿದ್ದೇ ಫೈನಲ್ ಕಣ್ರಪ್ಪ" ಅಂದವರು ನೀವು. ಸಮುದ್ರದ ಆಮೆ ನೋಡಬೇಕೆಂದು ಇಂಚರ ಶ್ರೀಲಂಕಾ ಅಂದಳು. ರೈಲು ಬೇಕೆಂದು ಹಠ ಹಿಡಿದಿದ್ದ ತಮ್ಮನನ್ನೂ, ಅಲ್ಲಿ ಬೆಟ್ಟದ ರೈಲಿದೆಯೆಂದು ಅವಳೇ ಒಪ್ಪಿಸಿದಳು. ನೀವು ತಲೆಯಾಡಿಸಿದಿರಿ. ಮಾರನೆಯ ದಿನವೇ ಅರಿಸಿನ ಮಂಡಿಯ ಮಲ್ಲೇಶನ ಸಂಸಾರದ ಜೊತೆ ಸೇರಿ ನಮಗೆಲ್ಲ ಬ್ಯಾಂಕಾಕ್ ಬುಕ್ ಮಾಡಿಸಿದಿರಿ. ನನಗೂ ಹೇಳಲಿಲ್ಲ.

ನಿನ್ನೆ ಸ್ಕೂಲ್ ವ್ಯಾನಿನಲ್ಲಿ ಮಲ್ಲೇಶನ ಮಗ ಇಂಚರಳಿಗೆ, "ನಿಮ್ಮಪ್ಪ ಸುಮ್ಕೆ ಕೇಳವ್ರೆ ಕಣಮ್ಮಿ, ಬ್ಯಾಂಕಾಕ್ ಆಗ್ಲೇ ಬುಕ್ ಆಗೋಯ್ತು" ಅಂತ ಎಲ್ಲರೆದುರು ನಕ್ಕನಂತೆ. ಮಗು ಅಳಲಿಲ್ಲ. ಮನೆಗೆ ಬಂದು ಗೋಡೆಗೆ ಅಂಟಿಸಿದ್ದ ಆಮೆಯ ಚಿತ್ರ ಕಿತ್ತು, "ಇನ್ಮೇಲೆ ನನ್ನ ಏನೂ ಕೇಳ್ಬೇಡಿ" ಅಂದಳು. ಆ ದನಿ ನೀವು ಕೇಳಬೇಕಿತ್ತು.

ನಮ್ಮ ಮೂವರ ಬ್ಯಾಂಕಾಕ್ ಟಿಕೆಟ್ ರದ್ದು ಮಾಡಿಸಿ ಶ್ರೀಲಂಕಾಕ್ಕೆ ಮಾಡಿಸುತ್ತೇನೆ. ನಿಮ್ಮ ಪಾಸ್‌ಪೋರ್ಟ್ ಟಿವಿ ಮುಂದಿದೆ. ಮಲ್ಲೇಶನ ಜೊತೆ ಸುಖವಾಗಿ ಹೋಗಿ ಬನ್ನಿ.

ಚಪ್ಪಲಿ ಹಾಕಿಕೊಳ್ಳುತ್ತಾ ಇಂಚರ ಈಗ, "ಶ್ರೀಲಂಕಾಕ್ಕೆ ಅಪ್ಪ ಬರಲ್ವಾ?" ಅಂತ ಕೇಳಿದಳು. ಸಂಜೆ ನೀನೇ ಕೇಳು ಅಂದಿದ್ದೇನೆ. ಕೇಳುತ್ತಾಳೆ. ಮಗುವಿನ ಮುಖ ನೋಡಿಕೊಂಡು ಉತ್ತರ ಹೇಳಿ.

ಪವಿತ್ರ