ಆಸ್ಪತ್ರೆ ಲೈನಿನಲ್ಲಿ ಆರು ಗಂಟೆ

ಹೋಲ್ಗೀನ್, ಕ್ಯೂಬಾ
ಮಾರ್ಚ್ ೯, ಶನಿವಾರ

ಪ್ರೀತಿಯ ಯಾಮಿಲಾ,

ಹೇಗಿದ್ದೀಯ ಮಗಳೇ? ಅಂಗೋಲಾದ ಬಿಸಿಲಿಗೆ ಬರುತ್ತಿದ್ದ ತಲೆನೋವು ಕಡಿಮೆಯಾಯಿತೇ? ವಾರ್ಡಿನ ರೋಗಿಗಳಿಗೆಲ್ಲ ನೀರು ಕುಡಿಸಿ, ನೀನು ಮಾತ್ರ ಬರೀ ಕಾಫಿಯಲ್ಲಿ ದಿನ ದೂಡುವವಳು, ನನಗೆ ಗೊತ್ತಿಲ್ಲವೇ. ಇಲ್ಲಿ ಎಲ್ಲರೂ ಕ್ಷೇಮ. ನನ್ನ ಮಂಡಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ನಿನ್ನ ಗಂಡ ಓಸ್ಮಾನಿ ಬಸ್ಸು ಓಡಿಸಿ ಬಂದವನು ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಾನೆ. ಮೊಮ್ಮಗಳು ಲೆಯಾನಿಸ್ ನನಗಿಂತ ಒಂದು ಗೇಣು ಎತ್ತರ ಬೆಳೆದಿದ್ದಾಳೆ, ನಿನ್ನ ಚಪ್ಪಲಿಗಳೆಲ್ಲ ಈಗ ಅವಳವೇ.

ಈಗ ಸುದ್ದಿ. ಗೆದ್ದೆ! ನಿನ್ನ ಎಪ್ಪತ್ತೊಂದು ವರ್ಷದ ಅತ್ತೆ ಕಂಪ್ಯೂಟರಿನ ಹೊಟ್ಟೆ ಬಗೆದು ಡಿಸ್ಕ್ ಬದಲಾಯಿಸಿದ್ದಾಳೆ. ಮಗಳಿಗೆ ಹದಿನೈದು ತುಂಬಿದ ಹಬ್ಬಕ್ಕೆ ನೀನು ಬರಲಾಗಲಿಲ್ಲ. ಈ ದರಿದ್ರ ಇಂಟರ್ನೆಟ್ಟಿನಲ್ಲಿ ನಿನಗೆ ತಲುಪಿದ್ದು ಮಸುಕಾದ ಎರಡೇ ಫೋಟೋ. ಉಳಿದದ್ದೆಲ್ಲ ಇದ್ದದ್ದು ಆ ಹಳೆಯ ಡಿಸ್ಕಿನಲ್ಲಿ ಮಾತ್ರ. ಫೋಟೋಗ್ರಾಫರ್ ತನ್ನ ಬಳಿ ಇದ್ದದ್ದನ್ನು ಒಂದೇ ತಿಂಗಳಿಗೆ ಅಳಿಸಿಹಾಕಿದ್ದ. ಹೀಗಿರುವಾಗ ಜನವರಿಯಲ್ಲಿ ಡಿಸ್ಕ್ ಟಕ್ ಟಕ್ ಎನ್ನತೊಡಗಿತು. ನನ್ನ ಎದೆಯೂ ಅದರ ಜೊತೆಗೇ ಹೊಡೆದುಕೊಂಡಿತು. ನೀನು ಕಾಲುಚೀಲದಲ್ಲಿ ಸುತ್ತಿ ಕಳಿಸಿದ ಹೊಸ ಡಿಸ್ಕ್ ಕೈಸೇರಿದಾಗ ಓಸ್ಮಾನಿ, "ಅಮ್ಮಾ, ಅದನ್ನ ಮುಟ್ಬೇಡ, ರಿಪೇರಿಯವನಿಗೆ ಕೊಡೋಣ" ಅಂದ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿಗಳ ಜೊತೆ ಬಾಳಿದವಳು ನಾನು, ನಾಲ್ಕು ಸ್ಕ್ರೂಗಳಿಗೆ ಹೆದರುವೆನೇ? ನಾಲ್ಕರಲ್ಲಿ ಒಂದು ಬಿದ್ದು ಎಲ್ಲಿ ಉರುಳಿತೋ ತಿಳಿಯಲಿಲ್ಲ, ಅದನ್ನು ನಿನ್ನ ಗಂಡನಿಗೆ ಹೇಳಬೇಡ.

ಜೋಡಿಸುವುದು ಕಷ್ಟವಾಗಲಿಲ್ಲ. ಕಷ್ಟವಿದ್ದದ್ದು ಹಳೆಯದರಲ್ಲಿದ್ದದ್ದನ್ನು ಹೊಸದಕ್ಕೆ ತುಂಬುವುದರಲ್ಲಿ. ಅದಕ್ಕೆ ಆರು ಗಂಟೆ ಬೇಕು, ನಮ್ಮ ಬೀದಿಗೆ ಕರೆಂಟು ಬಂದರೆ ಮೂರೇ ಗಂಟೆ. ನಡುವೆ ಹೋದರೆ ಮೊದಲಿಂದ ಶುರು, ಆ ಮುದಿ ಡಿಸ್ಕಿಗೆ ಎರಡನೇ ಸಲ ತಿರುಗುವ ಶಕ್ತಿ ಇರಲಿಲ್ಲ. ಕರೆಂಟು ಹೋಗದಿರುವುದು ಆಸ್ಪತ್ರೆಗೆ ಕರೆಂಟು ಕೊಡುವ ಲೈನಿನ ಮನೆಗಳಲ್ಲಿ ಮಾತ್ರ. ಆ ಲೈನಿನಲ್ಲಿ ನನಗೆ ಗುರುತಿರುವವಳು ಯಾರು ಹೇಳು? ಎಡೆಲ್ಮಿರಾ! ಗ್ಯಾಸಿನ ಸಾಲಿನಲ್ಲಿ "ನಿನಗಿಂತ ಮುಂದಿದ್ದವಳು ನಾನು" ಎಂದು ಇಬ್ಬರೂ ಕಿತ್ತಾಡಿ ಮೂರು ವರ್ಷದಿಂದ ಮಾತು ಬಿಟ್ಟಿದ್ದೆವಲ್ಲ, ಅವಳೇ. ನನಗೆ ಮಾನ ದೊಡ್ಡದೋ ಮೊಮ್ಮಗಳ ಫೋಟೋ ದೊಡ್ಡದೋ ಎಂದು ಇಡೀ ರಾತ್ರಿ ಯೋಚಿಸಿದೆ. ಬೆಳಗಾಗುತ್ತಲೇ ಲೆಯಾನಿಸಳನ್ನು ಎಳೆಗೂಸಾಗಿದ್ದಾಗ ತಿರುಗಾಡಿಸಿದ್ದ ತಳ್ಳುಗಾಡಿಯಲ್ಲಿ ಕಂಪ್ಯೂಟರ್ ಮಲಗಿಸಿ, ಮೇಲೆ ಟವೆಲ್ ಹೊದಿಸಿ ಹೊರಟೆ. ದಾರಿಯಲ್ಲಿ ಒಬ್ಬಳು ಬಗ್ಗಿ, ಮಗು ಯಾರದು ಎಂದು ಕೇಳಿದಳು.

ಎಡೆಲ್ಮಿರಾಳ ಮನೆಯೊಳಗೆ ಫೋನು, ಫ್ಯಾನು, ಟಾರ್ಚು ಹಿಡಿದ ಹತ್ತು ಜನ ಚಾರ್ಜಿಗೆ ಸಾಲುಗಟ್ಟಿದ್ದರು. ಅವಳು ಸೊಂಟದ ಮೇಲೆ ಕೈಯಿಟ್ಟು, "ಓಹೋ, ಎನೈದಾ ಅವರು! ಗ್ಯಾಸಿನ ಸಾಲಲ್ಲಿ ನುಗ್ಗಿದ ಹಾಗೆ ಇಲ್ಲಿ ನುಗ್ಗೋಕಾಗಲ್ಲ, ಕೊನೇಲಿ ನಿಂತ್ಕೊಳ್ಳಿ" ಅಂದಳು. ಎಲ್ಲರೂ ನಕ್ಕರು. ನಾನು ಹಲ್ಲು ಕಚ್ಚಿಕೊಂಡು, "ಕೊನೆಯವರು ಯಾರು?" ಎಂದು ಕೇಳಿ ನಿಂತೆ. ಜನ್ಮದಲ್ಲಿ ಅಷ್ಟು ವಿನಯವನ್ನು ನಾನು ಯಾರಿಗೂ ತೋರಿಸಿಲ್ಲ. ನನ್ನ ಸರದಿ ಬಂದಾಗ, ಇದರಲ್ಲಿ ಯಾಮಿಲಾಳ ಮಗಳ ಹದಿನೈದರ ಹಬ್ಬ ಇದೆ, ತಾಯಿ ಇನ್ನೂ ನೋಡಿಲ್ಲ ಎಂದೆ. ಅವಳ ಮುಖ ಬದಲಾಯಿತು. ವೋಲ್ಟೇಜ್ ಏರಿಳಿತಕ್ಕೆ ಕಂಪ್ಯೂಟರ್ ಸುಡದಿರಲು ಸ್ಟೆಬಿಲೈಸರ್ ಬೇಕು, ಮನೆಯಲ್ಲಿ ಇರುವುದು ಒಂದೇ, ಅದು ಅವಳು ಐಸ್‌ಕ್ಯಾಂಡಿ ಮಾರುವ ಫ್ರೀಜರಿಗೆ. ಸೀದಾ ಹೋಗಿ ಫ್ರೀಜರಿನ ಪ್ಲಗ್ ಕಿತ್ತಳು! "ಏನ್ ನೋಡ್ತಿದ್ದೀಯ? ಹಾಕು ಬೇಗ, ಕರಗಿದ್ರೆ ತಿಂದ್ರಾಯ್ತು" ಅಂದಳು.

ಹಾಗೆ ಹತ್ತು ಗಂಟೆಗೆ ಶುರುವಾಯಿತು. ಚಾರ್ಜಿಗೆ ಬಂದವರು ಯಾರೂ ಮನೆಗೆ ಹೋಗಲಿಲ್ಲ. ಕರಗುತ್ತಿದ್ದ ಮಾವಿನ ಐಸ್‌ಕ್ಯಾಂಡಿ ಚೀಪುತ್ತಾ, ತೆರೆಯ ಮೇಲಿನ ಅಂಕಿಯನ್ನು ಬೇಸ್‌ಬಾಲ್ ಪಂದ್ಯದಂತೆ ಕೂಗಿ ಹೇಳುತ್ತಿದ್ದರು. ನಲವತ್ತು, ಐವತ್ತೈದು, ತೊಂಬತ್ತು! ಶಾಲೆ ಮುಗಿಸಿ ಲೆಯಾನಿಸ್ ಓಡಿಬಂದಳು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಮುಗಿಯಿತು. ಹೊಸ ಡಿಸ್ಕಿನಿಂದ ಕಂಪ್ಯೂಟರ್ ಎದ್ದು, ನೀಲಿ ಗೌನಿನಲ್ಲಿ ನಿನ್ನ ಮಗಳು ತೆರೆಯ ತುಂಬ ನಕ್ಕಾಗ ಎಡೆಲ್ಮಿರಾ ನನ್ನನ್ನು ತಬ್ಬಿಕೊಂಡಳು. ಅವಳ ಕೈ ಪೂರ್ತಿ ಅಂಟಂಟು. ಒಂದೂ ಬಿಡದೆ ಎಲ್ಲವೂ ಬಂತು ಮಗಳೇ. ಈ ಪತ್ರ ತರುವ ಡಾಕ್ಟರ್ ಉಲಿಸೆಸ್ ಕೈಯಲ್ಲಿ ಪೆನ್ ಡ್ರೈವ್ ಕಳಿಸಿದ್ದೇನೆ, ಮುನ್ನೂರ ಹನ್ನೆರಡು ಫೋಟೋ ಇವೆ. ಒಂದೇ ದಿನ ಎಲ್ಲ ನೋಡಿ ಮುಗಿಸಬೇಡ.

ಮೈ ನೋಡಿಕೋ, ನೀರು ಕುಡಿ. ಓಸ್ಮಾನಿಯ ಮುತ್ತು, ಮಗಳ ಅಪ್ಪುಗೆ, ನನ್ನ ಆಶೀರ್ವಾದ ಎಲ್ಲವೂ ನಿನಗೆ. ಎಡೆಲ್ಮಿರಾಳೂ ಕೇಳಿದ್ದಾಳೆಂದು ಬರೆಯಲು ಹೇಳಿದಳು.

ನಿನ್ನ ಅತ್ತೆ,
ಎನೈದಾ

ತಾ.ಕ.: ಉಲಿಸೆಸ್ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಎಲ್ಲವೂ ಬಂತು ಎಂದು ಬರೆದದ್ದು ಸುಳ್ಳು. ಒಂದು ಬರಲಿಲ್ಲ, ಲೆಯಾನಿಸ್ ಹಬ್ಬದ ದಿನ ವಾಲ್ಟ್ಸ್ ಕುಣಿದ ವಿಡಿಯೊ. ಡಿಸ್ಕಿನಲ್ಲಿ ಆ ಜಾಗವೇ ಕೆಟ್ಟಿತ್ತು. ನಾನು ಹತ್ತು ಜನರ ಎದುರು ಅತ್ತುಬಿಟ್ಟೆ. ಲೆಯಾನಿಸ್ ನನ್ನ ಕಣ್ಣೊರೆಸಿ, "ಹೋಗ್ಲಿ ಬಿಡು ಅಜ್ಜಿ, ಅಮ್ಮ ಬಂದ್ಮೇಲೆ ಇನ್ನೊಂದ್ಸಲ ಕುಣೀತೀನಿ, ಈ ಸಲ ಅವಳ ಜೊತೆ" ಅಂದಳು. ಇನ್ನೊಂದು ವರ್ಷ ಅಲ್ಲೇ ಇರಲು ನಿನಗೆ ಕಾಗದ ಕೊಟ್ಟಿದ್ದಾರಂತೆ, ಓಸ್ಮಾನಿ ಹೇಳಿದ. ಸಹಿ ಹಾಕಬೇಡ ಮಗಳೇ. ಅವಳು ಆಗಲೇ ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ ಅಭ್ಯಾಸ ಶುರುಮಾಡಿದ್ದಾಳೆ.