ಒಬ್ಬರ ಅಳತೆಯ ಗಾಜಿನ ಬಾಗಿಲು

ಎಂ.ವಿ.ಪಿ. ಕಾಲನಿ, ವಿಶಾಖಪಟ್ಟಣ
೩ ನವೆಂಬರ್ ೧೯೯೭, ಸೋಮವಾರ

ಪ್ರೀತಿಯ ಸುಮಿತ್ರಾ,

ಹೇಗಿದ್ದೀಯ? ಕೆಮ್ಮು ಇಳಿಯಿತೇ? ವಿಜಯವಾಡದ ಧೂಳಿಗೆ ಮಾತ್ರೆಯೊಂದೇ ಸಾಲದು, ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸು. ಇಪ್ಪತ್ತಾರು ವರ್ಷ ಇದನ್ನು ನೀನು ನನಗೆ ಹೇಳಿದೆ, ಈಗ ನಾನು ನಿನಗೆ ಹೇಳುವ ಕಾಲ ಬಂತು. ಗುರುವಾರ ಹಬ್ಬದ ದಿನ ಫೋನಿನಲ್ಲಿ ನೀನು ಕೆಮ್ಮಿದ್ದೇ ಹೆಚ್ಚು, ಮಾತನಾಡಿದ್ದು ಕಡಿಮೆ. ಮನೆ ಮಾಲೀಕರ ಸಂಸಾರವೆಲ್ಲ ಸುತ್ತ ಕೂತಿರುವಾಗ ಅವರ ಹಜಾರದಲ್ಲಿ ನಿಂತು ನೀನಾದರೂ ಏನು ಮಾತನಾಡುತ್ತೀಯ ಬಿಡು. ಮೃಣಾಲಿನಿಯೂ ಹೈದರಾಬಾದಿನ ಹಾಸ್ಟೆಲಿನಿಂದ ಫೋನ್ ಮಾಡಿದ್ದಳು. ನಾನು ಕನ್ನಡದಲ್ಲಿ ಕೇಳಿದರೆ ಮಗಳು ತೆಲುಗಿನಲ್ಲಿ ಉತ್ತರ ಕೊಡುತ್ತಾಳೆ. ಪರೀಕ್ಷೆ ಹತ್ತಿರ ಬಂತಂತೆ, ಅದಕ್ಕೇ ಹಬ್ಬಕ್ಕೆ ಬರಲಿಲ್ಲವಂತೆ. ನಾನು ಚೆನ್ನಾಗಿದ್ದೇನೆ. ಬಿ.ಪಿ. ಮಾತ್ರೆ ತಪ್ಪಿಸಿಲ್ಲ. ಕೆಲಸದ ದುರ್ಗಾಂಬ ಏಳು ಗಂಟೆಗೆ ಸರಿಯಾಗಿ ಬಂದು ಕಸ ಮುಸುರೆ ಮುಗಿಸಿ, ಹೋಗುವಾಗ "ಅಮ್ಮಗಾರು ಎಪ್ಪುಡೊಸ್ತಾರು?" ಎಂದು ಕೇಳುತ್ತಾಳೆ. ಅಮ್ಮ ಯಾವಾಗ ಬರುತ್ತಾರೆ ಎಂದು ದಿನಾ ಕೇಳಿಸಿಕೊಂಡು ದಿನಾ "ವಸ್ತಾರು", ಬರುತ್ತಾರೆ, ಎಂದು ನಾನು ಪೇಪರು ಬಿಡಿಸುತ್ತೇನೆ. ನಿನ್ನ ಬೀರುವಿನ ಕೀಲಿಕೈ ಜೋಪಾನವಾಗಿದೆಯೇ ಎಂದು ಕೇಳಿದ್ದೀಯ. ಇದೆ. ಎಲ್ಲಿಟ್ಟಿದ್ದೇನೆ ಎಂದು ಹೇಳಿದರೆ ನಗುತ್ತೀಯ. ನೀನು ಮೇಜಿನ ಡ್ರಾಯರಿನಲ್ಲಿಡಿ ಎಂದಿದ್ದೆ, ನಾನು ನಮ್ಮ ತಾತನ ಹಾಗೆ ಜನಿವಾರಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದೇನೆ.

ಹೋದ ಪತ್ರದ ಮುಖ್ಯ ಪ್ರಶ್ನೆಗೆ ನಾನಿನ್ನೂ ಉತ್ತರ ಬರೆದಿಲ್ಲ, ನೆನಪಿದೆ. ವಿಜಯವಾಡದಲ್ಲೇ ಇನ್ನೆರಡು ವರ್ಷ ಇರುತ್ತೇನೆಂದು ಬರೆದುಕೊಟ್ಟರೆ ರೀಜನಲ್ ಆಫೀಸಿನಲ್ಲಿ ಒಳ್ಳೆಯ ಜಾಗ, ಬೇಡವೆಂದರೆ ಇಲ್ಲಿಯ ಬ್ರಾಂಚಿಗೆ ವಾಪಸ್ಸು, ಹದಿನೈದನೇ ತಾರೀಖಿನೊಳಗೆ ಹೇಳಬೇಕು, ನೀವೇನು ಹೇಳುತ್ತೀರಿ ಎಂದು ಕೇಳಿದ್ದೀಯ. ಅದಕ್ಕೆ ಬರುತ್ತೇನೆ. ಮೊದಲು ಬಚ್ಚಲುಮನೆಯ ಸಮಾಚಾರ ಕೇಳು.

ನಮ್ಮ ಬಚ್ಚಲಿಗೆ ಗಾಜಿನ ಬಾಗಿಲು ಬಂದಿದೆ. ಒಂದು ಗಾಜು ನಿಂತಲ್ಲೇ ನಿಂತಿರುತ್ತದೆ, ಇನ್ನೊಂದು ಅಲ್ಯೂಮಿನಿಯಂ ಪಟ್ಟಿಯಲ್ಲಿ ಸಣ್ಣ ಗಾಲಿಗಳ ಮೇಲೆ ಪಕ್ಕಕ್ಕೆ ಜಾರುತ್ತದೆ. ನಾಲ್ಕು ವರ್ಷದ ಹಿಂದೆ ನೀನು ಟ್ರೈನಿಂಗಿಗೆಂದು ಬೊಂಬಾಯಿಗೆ ಹೋಗಿ ಬಂದು, ಹೋಟೆಲಿನಲ್ಲಿ ಕಂಡದ್ದನ್ನು ವಾರವಿಡೀ ವರ್ಣಿಸಿದೆಯಲ್ಲ, ಅದೇ. ಒಳಗೆ ಷವರ್, ಹೊರಗೆ ಒಂದು ತೊಟ್ಟು ನೀರಿಲ್ಲ. ಆಗ ನಾನು ಅದೆಲ್ಲ ಶೋಕಿ ಎಂದು ತಳ್ಳಿಹಾಕಿದೆ. ಅದೇ ಮಳೆಗಾಲದಲ್ಲಿ ನಾನು ಸ್ನಾನ ಮುಗಿಸಿ ಬಂದ ನೆಲದ ಮೇಲೆ ನೀನು ಜಾರಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡೆ. ಆಗಲೂ ನೀನು ಬೈಯಲಿಲ್ಲ. "ರೀ, ನಿಮ್ಮ ಸ್ನಾನ ಆದ್ಮೇಲೆ ಬಚ್ಚಲಿಗೆ ಹೋಗೋಕೆ ದೋಣಿ ಬೇಕು" ಎಂದು ನಕ್ಕೆ, ಕೈಗೆ ಬಟ್ಟೆ ಸುತ್ತಿಕೊಂಡೇ ಬ್ಯಾಂಕಿಗೆ ಹೋದೆ. ಈ ಹಬ್ಬಕ್ಕೆ ನೀನು ಬರುವಷ್ಟರಲ್ಲಿ ಹಾಕಿಸಿಟ್ಟು, ಏನೂ ಗೊತ್ತಿಲ್ಲದವನ ಹಾಗೆ ಪೇಪರು ಓದುತ್ತ ಕೂತಿರಬೇಕು, ನೀನೇ ನೋಡಿ ನನ್ನನ್ನು ಕೂಗಬೇಕು ಎಂದು ನಾನು ಅಂದುಕೊಂಡಿದ್ದೆ. ನಿಮ್ಮ ಬ್ಯಾಂಕಿನವರು ಹಬ್ಬದ ವಾರವೇ ನೋಡಿ ಇನ್‌ಸ್ಪೆಕ್ಷನ್ ಇಟ್ಟರು.

ದ್ವಾರಕಾನಗರದಲ್ಲಿ ಜಗನ್ಮೋಹನ್ ಎಂಬುವರ ಗಾಜಿನ ಅಂಗಡಿ. ಒಳಗೆ ಕಾಲಿಟ್ಟ ಕೂಡಲೇ ಅವರು ನನ್ನ ಹಿಂದೆ ಇಣುಕಿ "ಮೇಡಂಗಾರು ರಾಲೇದಾ ಸಾರ್?", ಮೇಡಂ ಬರಲಿಲ್ಲವೇ ಎಂದರು. ಅಡುಗೆಮನೆ ಬಚ್ಚಲುಮನೆ ವಿಷಯದಲ್ಲಿ ಮೇಡಂ ಬಂದು ನೋಡದೆ ಅವರು ಆರ್ಡರ್ ತೆಗೆದುಕೊಳ್ಳುವುದೇ ಇಲ್ಲವಂತೆ, ಆಮೇಲೆ ಜಗಳವಾಗುತ್ತದಂತೆ. ಊರಿಗೆ ಹೋಗಿದ್ದಾರೆ ಎಂದೆ. ಊರಿಗೆ ಹೋಗಿ ಎರಡೂವರೆ ವರ್ಷವಾಯಿತು ಎನ್ನಲು ಬಾಯಿ ಬರಲಿಲ್ಲ. ಮಬ್ಬು ಗಾಜು ಬೇಕೋ ತಿಳಿಗಾಜು ಬೇಕೋ ಎಂದು ಕೇಳಿದರು. ಮಬ್ಬು ಗಾಜು ಮದ್ರಾಸಿನಿಂದ ಬರಬೇಕು, ತಿಂಗಳು ಹಿಡಿಯುತ್ತದೆ. ಮನೆಯಲ್ಲಿರುವವನು ನಾನೊಬ್ಬ, ಯಾರಿಂದ ಮರೆ ಮಾಡಿಕೊಳ್ಳಲಿ, ತಿಳಿಗಾಜೇ ಸಾಕು ಎಂದೆ. ಹೇಳಿಯಾದ ಮೇಲೆ ನನಗೇ ಒಂಥರಾ ಆಯಿತು. ಜಗನ್ಮೋಹನ್ ನನಗೆ ಟೀ ತರಿಸಿದರು.

ಅಳತೆ ನಾನೇ ಕೊಟ್ಟೆ. ಮೂವತ್ತು ವರ್ಷ ಕಾರ್ಖಾನೆಗಳಲ್ಲಿ ಅಳತೆ ಹಿಡಿದವನು ಬಚ್ಚಲಿನ ಮೂಲೆಗೆ ಬೇರೆಯವರನ್ನು ಕರೆಯುತ್ತೇನೆಯೇ? ಎರಡು ಕೈ ಚಾಚಿ ನಿಂತು, ಮೊಣಕೈಗೆ ಬೇಕಾದಷ್ಟು ಜಾಗ ಬಿಟ್ಟು, ಮೂರು ಸಲ ಟೇಪು ಹಿಡಿದೆ. ಮೇಸ್ತ್ರಿ ಕಾಮೇಶ್ವರ ಎರಡು ದಿನ ಗೋಡೆ ಕೊರೆದು, ಚೌಕಟ್ಟು ನಿಲ್ಲಿಸಿ, ಗಾಜು ಕೂರಿಸಿದ. ಎಲ್ಲ ಮುಗಿದ ಮೇಲೆ ಒಳಗೆ ಹೋಗಿ ನಿಂತು ಒಂದು ಸುತ್ತು ತಿರುಗಿ "ಬಕೆಟ್ ಎಕ್ಕಡ ಸಾರ್?" ಎಂದು ಕೇಳಿದ. ಬಕೆಟ್ ಎಲ್ಲಿಡುತ್ತೀರಿ ಎಂದು. ನಾನು ಪೆಚ್ಚಾದೆ. ನಮ್ಮ ನೀರಿನ ತೊಟ್ಟಿ ಇರುವ ಎತ್ತರಕ್ಕೆ ಷವರಿನಲ್ಲಿ ನೀರು ಸುರಿಯುವುದಿಲ್ಲ, ಮೂಗು ಸೋರಿದ ಹಾಗೆ ಸೋರುತ್ತದೆ, ಅದು ನನಗೆ ಗೊತ್ತಿಲ್ಲದ್ದೇ? ಆದರೂ ಬಕೆಟ್ಟು, ಚೊಂಬು, ಕೂರುವ ಮಣೆ ಮೂರನ್ನೂ ಮರೆತು, ಒಬ್ಬ ಮನುಷ್ಯ ನೆಟ್ಟಗೆ ನಿಲ್ಲುವಷ್ಟು ಜಾಗಕ್ಕೆ ಮಾತ್ರ ಅಳತೆ ಕೊಟ್ಟಿದ್ದೇನೆ. ನೀನಿದ್ದಿದ್ದರೆ ಮೊದಲು ಮಣೆ ಹಾಕಿ ಕೂತು ನೋಡುತ್ತಿದ್ದೆ. ಚೌಕಟ್ಟನ್ನು ಒಂದೂವರೆ ಅಡಿ ಮುಂದಕ್ಕೆ ತಂದರೆ ಇಬ್ಬರಿಗೂ ಸಾಕು, ಆದರೆ ಇನ್ನೊಂದು ಗಾಜು ಬೇಕಾಗುತ್ತದೆ ಎಂದ ಕಾಮೇಶ್ವರ. ನೋಡೋಣ ಎಂದು ಕಳಿಸಿದೆ.

ಇಬ್ಬರಿಗೆ ಎಂದು ಅವನು ಯಾಕೆ ಹೇಳಿದ ಎಂಬುದು ಹಬ್ಬದ ಬೆಳಿಗ್ಗೆ ತಿಳಿಯಿತು. ನಮ್ಮ ಮನೆಯಲ್ಲಿ ನರಕ ಚತುರ್ದಶಿಯ ದಿನ ಯಾರೂ ತಾವೇ ಎಣ್ಣೆ ಹಚ್ಚಿಕೊಂಡು ತಾವೇ ನೀರು ಹಾಕಿಕೊಂಡದ್ದಿಲ್ಲ. ಚಿಕ್ಕಂದಿನಲ್ಲಿ ತಿಪಟೂರಿನಲ್ಲಿ ಅಮ್ಮ ಹಾಕುತ್ತಿದ್ದಳು, ಆಮೇಲೆ ನೀನು. ನೀನು ನೆತ್ತಿಗೆ ಎಣ್ಣೆ ತಟ್ಟುವ ರಭಸಕ್ಕೆ ನಾನು ಪ್ರತಿ ವರ್ಷ ಜಗಳವಾಡುತ್ತಿದ್ದೆ. ಹೋದೆರಡು ವರ್ಷ ನೀನು ಹೇಗೋ ರಜೆ ಹೊಂದಿಸಿಕೊಂಡು ಬಂದಿದ್ದೆ, ಈ ಸಲ ಆಗಲಿಲ್ಲ, ನಿನ್ನ ತಪ್ಪೇನಿಲ್ಲ. ಸಂಪ್ರದಾಯ ಬಿಡಬಾರದೆಂದು ಆರು ಗಂಟೆಗೆ ನಾನೇ ಎಣ್ಣೆ ಬಿಸಿಮಾಡಿಕೊಂಡೆ. ಬೆನ್ನಿಗೆ ಮಾತ್ರ ಕೈ ಎಟುಕಲಿಲ್ಲ. ಹೊಸ ಬಾಗಿಲಿನ ಒಳಗೆ ಹೋಗಿ ಎಣ್ಣೆ ಕೈಯಲ್ಲಿ ಅದನ್ನು ಎಳೆದೆ ನೋಡು, ಸ್ವಲ್ಪ ಜೋರಾಯಿತೇನೋ, ಮೇಲಿನ ಗಾಲಿಯೊಂದು ಪಟ್ಟಿಯಿಂದ ಹಾರಿ ಗಾಜು ಓರೆಯಾಗಿ ಕಚ್ಚಿಕೊಂಡುಬಿಟ್ಟಿತು. ಅತ್ತ ಸರಿಯದು, ಇತ್ತ ಸರಿಯದು. ಬಲ ಹಾಕಿದರೆ ಒಡೆದು ಮೈಮೇಲೆ ಬೀಳುತ್ತದೆ. ಮೇಲಿಂದ ಹತ್ತಿ ದಾಟೋಣವೆಂದರೆ ಆರೂವರೆ ಅಡಿ ಎತ್ತರ, ನನಗೆ ಐವತ್ತನಾಲ್ಕು ವರ್ಷ, ಜೊತೆಗೆ ಈ ಹೊಟ್ಟೆ, ಮೈಯೆಲ್ಲ ಎಣ್ಣೆ. ಹೊರಗೆ ಬೀದಿಯ ಮಕ್ಕಳ ಪಟಾಕಿ, ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ನಿನ್ನ ಗಂಡ. ನೆನೆಸಿಕೊಂಡು ನಗು. ಹತ್ತು ಹದಿನೈದು ನಿಮಿಷದಲ್ಲಿ ಹೇಗೋ ಬಿಡಿಸಿಕೊಂಡು ಹೊರಗೆ ಬಂದೆ, ಎಂಜಿನಿಯರ್ ಆಗಿದ್ದಕ್ಕೆ ಅಷ್ಟಾದರೂ ಪ್ರಯೋಜನ. ಶನಿವಾರ ಕಾಮೇಶ್ವರ ಬಂದು ಗಾಲಿ ಸರಿಮಾಡಿ ಹೋದ. ಈಗ ಬಾಗಿಲು ಬೆಣ್ಣೆಯ ಹಾಗೆ ಜಾರುತ್ತದೆ. ನಾನು ಮಾತ್ರ ಅದನ್ನು ಪೂರ್ತಿ ತೆರೆದಿಟ್ಟುಕೊಂಡೇ ಸ್ನಾನ ಮಾಡುತ್ತಿದ್ದೇನೆ, ಆದ್ದರಿಂದ ನೆಲ ಮೊದಲಿನ ಹಾಗೇ ಒದ್ದೆ.

ಇನ್ನು ನಿನ್ನ ಪ್ರಶ್ನೆ. ನಿನ್ನ ಕೆಲಸದ ವಿಷಯ ನಿನಗೇ ಚೆನ್ನಾಗಿ ಗೊತ್ತು. ನಿನಗೆ ಅನುಕೂಲವಾದದ್ದನ್ನು ಬರೆದುಕೊಡು. ನನಗೇನೂ ತೊಂದರೆಯಿಲ್ಲ.

ಊಟ ತಪ್ಪಿಸಬೇಡ, ಬಿಸಿಲಿನಲ್ಲಿ ಕೊಡೆಯಿಲ್ಲದೆ ಓಡಾಡಬೇಡ. ನಿನ್ನ ಊರಿನ ಕನಕದುರ್ಗೆ ನಿನ್ನನ್ನು ನೋಡಿಕೊಳ್ಳಲಿ. ಮನೆ ಮಾಲೀಕರಿಗೂ ಅವರ ಮನೆಯವರಿಗೂ ನನ್ನ ನಮಸ್ಕಾರ ಹೇಳು.

ನಿನ್ನ
ಗೋಪಾಲಕೃಷ್ಣ

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು, ಹರಿದು ಮತ್ತೆ ಬರೆಯುತ್ತಿದ್ದೇನೆ. ದುರ್ಗಾಂಬ ಈಗತಾನೇ ಹೋದಳು. ಹೋಗುವಾಗ ಎಂದಿನಂತೆ ಕೇಳಿದಳು, ನನಗೆ ಇವತ್ತು "ವಸ್ತಾರು" ಎನ್ನಲು ಆಗಲಿಲ್ಲ. ಹದಿನೈದು ನಿಮಿಷ ಎಂದು ಬರೆದದ್ದು ಸುಳ್ಳು. ಎರಡು ಗಂಟೆಗೂ ಹೆಚ್ಚು ಹೊತ್ತು ಒಳಗೆ ನಿಂತಿದ್ದೆ. ಬಿಸಿನೀರು ಮುಗಿದು ತಣ್ಣೀರು ಬಂತು. ಏಳಕ್ಕೆ ದುರ್ಗಾಂಬ ಬಂದು ಬೆಲ್ ಮಾಡಿದ್ದು ಕೇಳಿಸಿತು. ನಾನು ಕೂಗಿದೆ. ಆದರೆ ಅವಳ ಹೆಸರು ಹಿಡಿದು ಕೂಗಲಿಲ್ಲ, ಸುಮಿತ್ರಾ, ನಿನ್ನ ಹೆಸರು ಕೂಗಿದೆ. ಮೂರು ಸಲ ಕೂಗಿದ ಮೇಲೆ ನೀನು ಇಲ್ಲ ಎಂಬುದು ನೆನಪಾಯಿತು. ಅಷ್ಟರಲ್ಲಿ ಅವಳು, ಪಟಾಕಿ ಸದ್ದಿನಲ್ಲಿ ನನ್ನ ಕೂಗು ಕೇಳಿಸದೆ, ಹೊರಟುಹೋಗಿದ್ದಳು. ಅಲ್ಲೇ ಕೂತು ಅತ್ತೆ, ಅದನ್ನೂ ಹೇಳಿಬಿಡುತ್ತೇನೆ. ಆಮೇಲೆ ಜನಿವಾರದಲ್ಲಿದ್ದ ನಿನ್ನ ಕೀಲಿಕೈ ಕೈಗೆ ಸಿಕ್ಕಿತು. ಅದರ ತುದಿಯಿಂದಲೇ ಕೆಳಗಿನ ಪಟ್ಟಿಯ ಎರಡು ಸ್ಕ್ರೂ ಬಿಚ್ಚಿ, ಗಾಜನ್ನು ಹೊರಕ್ಕೆ ತಳ್ಳಿ ನುಸುಳಿಕೊಂಡು ಬಂದೆ. ಎರಡೂವರೆ ವರ್ಷದ ಹಿಂದೆ ವರ್ಗವಾಗಿ ಹೊರಟ ದಿನ ಸ್ಟೇಷನ್ನಿನಲ್ಲಿ ನೀನು ಕೇಳಿದಾಗಲೂ ತೊಂದರೆಯಿಲ್ಲ ಎಂದಿದ್ದೆ, ಮೇಲೆ ಈಗಲೂ ಅದನ್ನೇ ಬರೆದಿದ್ದೇನೆ. ಎರಡೂ ಸುಳ್ಳು. ನನಗೆ ತೊಂದರೆಯಿದೆ. ರೀಜನಲ್ ಆಫೀಸಿನ ಜಾಗ ನಿನಗೆ ನಿಜವಾಗಿ ಬೇಕಿದ್ದರೆ ಇರು, ನನಗೆ ಕೋಪವಿಲ್ಲ, ರಜೆ ಸಿಕ್ಕಾಗಲೆಲ್ಲ ನಾನೇ ಬರುತ್ತೇನೆ. ಆದರೆ ನನಗೆ ತೊಂದರೆಯಿಲ್ಲ ಎಂದುಕೊಂಡು ಮಾತ್ರ ಇರಬೇಡ. ಅಂದಹಾಗೆ ಕೀಲಿಕೈ ಸೊಟ್ಟಗಾಗಿದೆ, ಬೀರು ತೆಗೆಯಲು ಬರುವುದಿಲ್ಲ. ಇನ್ನೊಂದು ನಿನ್ನ ಹತ್ತಿರವಿದೆಯಲ್ಲ, ಅದನ್ನು ಅಂಚೆಯಲ್ಲಿ ಕಳಿಸಬೇಡ. ನೀನೇ ತೆಗೆದುಕೊಂಡು ಬಾ.