ಹಳದಿ ಬಾಗಿಲಿನ ಬಂಗಲೆ

ಬಂಗಲೆಯ ಒಡೆಯನಾದ ಅಣ್ಣನಿಗೆ,

ನೀನು ಸತ್ತ ಮೇಲೂ ನಿನ್ನ ಜಂಬ ಗೋಡೆಯಿಂದ ಇಳಿದಿಲ್ಲ. ಹಳದಿ ಬಾಗಿಲಿನ ಮನೆಯೆದುರು ಕೋಟು ಹಾಕಿ ನಿಂತ ನಿನ್ನ ಫೋಟೊವನ್ನು ಅಮ್ಮ ಬಂದವರಿಗೆಲ್ಲ ತೋರಿಸುತ್ತಾಳೆ: "ನನ್ನ ಮಗನ ಬಂಗಲೆ."

ನನಗೂ ಈಗ ನೀನಿದ್ದ ಆ ಪರದೇಶದ ಊರಲ್ಲೇ ನರ್ಸ್ ಕೆಲಸ ಸಿಕ್ಕಿದೆ. ವೀಸಾಕ್ಕೆ ಅಲ್ಲಿಯ ವಿಳಾಸ ಬೇಕು. ಹಿಂದೊಮ್ಮೆ ನಿನ್ನ ಜೊತೆ ಬಂದಿರಲೇ ಎಂದು ಕೇಳಿದಾಗ, "ಇಲ್ಲಿ ಜಾಗ ಇಲ್ಲ ಕಣೇ" ಅಂದುಬಿಟ್ಟೆ. ಅಷ್ಟು ದೊಡ್ಡ ಮನೆಯಲ್ಲಿ ತಂಗಿಗೊಂದು ಚಾಪೆ ಹಾಸುವಷ್ಟು ಜಾಗವಿಲ್ಲ! ಆಮೇಲೆ ನಿನ್ನ ಫೋನು ನಾನು ಎತ್ತಲಿಲ್ಲ.

ಹಠಕ್ಕೆ ಬಿದ್ದು ನಿನ್ನ ಬೀದಿಯಲ್ಲೇ ಮನೆ ಹುಡುಕಿಸಿದೆ. ಇವತ್ತು ಬ್ರೋಕರ್ ವಿಡಿಯೊ ಕಾಲಿನಲ್ಲಿ ಒಂದು ನೆಲಮಾಳಿಗೆಯ ಕೋಣೆ ತೋರಿಸಿದ. ಕಿಟಕಿಯಲ್ಲಿ ಕಾಣುವುದು ದಾರಿಹೋಕರ ಚಪ್ಪಲಿ ಮಾತ್ರ. ಅವನು ಹೊರಗೆ ಬಂದಾಗ ಎದುರಿಗೇ ಹಳದಿ ಬಾಗಿಲು!

"ಅದು ನಮ್ಮಣ್ಣನ ಮನೆ" ಎಂದೆ.

ಅವನು ನಕ್ಕ. "ಅದು ಹಲ್ಲಿನ ಡಾಕ್ಟರ ಮನೆ ಮೇಡಂ. ಈ ಕೋಣೇಲಿ ಇದ್ದೋರೆಲ್ಲ ಊರಿಗೆ ಕಳಿಸೋ ಫೋಟೊ ಅಲ್ಲೇ ತೆಗೆಸ್ಕೊಳ್ಳೋದು. ಎಲ್ಲರಿಗೂ ಸೇರಿ ಒಂದು ಕೋಟೂ ಇದೆ, ಬಾಗಿಲ ಹಿಂದೆ ನೇತಾಕಿರ್ತಾರೆ."

ಥೂ ನಿನ್ನ! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಸುಳ್ಳಿಗೂ ಎರವಲು ಕೋಟು ಬೇಕಾಯಿತೇ? ಫೋಟೊದಲ್ಲಿ ಅದರ ತೋಳು ಮೊಣಕೈಗೆ ಏರಿದ್ದು ನಮ್ಮಲ್ಲಿ ಒಬ್ಬರಿಗೂ ಕಾಣಲಿಲ್ಲವಲ್ಲ. ಜಾಗ ಇಲ್ಲ ಅಂದೆಯಲ್ಲ, ಅದೊಂದೇ ನೀನಾಡಿದ ನಿಜ.

ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಬಂದು ಫೋನಿಗೆ ಇಣುಕಿದಳು. "ಅಯ್ಯೋ, ಅಣ್ಣನ ಮನೆ ಅಲ್ವೇನೇ ಇದು?"

"ಹೂಂ ಅಮ್ಮಾ, ಅದೇ. ನಾನೂ ಅಲ್ಲೇ ಇರ್ತೀನಿ."

ಅವಳು ಆಚೆ ಹೋದ ಮೇಲೆ ಕೋಣೆ ನನಗೇ ಇರಲಿ ಎಂದು ಬ್ರೋಕರ್‌ಗೆ ಹೇಳಿದೆ. ಆ ಕೋಟು ಇನ್ನೂ ಅಲ್ಲೇ ಇದೆಯೇ ಎಂದೂ ಕೇಳಿದೆ.